ವಾರದ ಅಡುಗೆಯ ಲೆಕ್ಕವೂ ಧಮ್ಮವೇ



*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಕೋಲಿಯರ ನಾಡಿನ ಕಕ್ಕರಪತ್ತ ಎಂಬ ಊರಿನಲ್ಲಿ ದೀಘಜಾಣು ಎಂಬ ಗೃಹಸ್ಥ ಬುದ್ಧರ ಬಳಿಗೆ ಬಂದ. ನಾವು ಹೆಂಡತಿ ಮಕ್ಕಳ ಜೊತೆ ಸಂಸಾರ ಮಾಡುವವರು, ನಮ್ಮಂಥವರಿಗೆ ಈ ಬದುಕಿನಲ್ಲೇ ಹಿತವಾಗುವ ಮಾತು ಹೇಳಿ ಎಂದು ಕೇಳಿದ. ಬುದ್ಧರು ಅವನಿಗೆ ಮನೆ ಬಿಟ್ಟು ಬಾ ಎನ್ನಲಿಲ್ಲ. ಶ್ರದ್ಧೆಯಿಂದ ದುಡಿ, ದುಡಿದದ್ದನ್ನು ಕಾಪಾಡು, ಒಳ್ಳೆಯವರ ಸ್ನೇಹ ಮಾಡು, ಆದಾಯ ನೋಡಿ ಖರ್ಚು ಮಾಡು ಎಂದರು. ಈ ನಾಲ್ಕನೆಯದಕ್ಕೆ *ಸಮಜೀವಿತ* ಎಂದು ಹೆಸರು.

ಸಮಜೀವಿತ ಅಂದರೆ ಏನು? ತಕ್ಕಡಿ ಹಿಡಿದವನಿಗೆ ಯಾವ ತಟ್ಟೆ ಎಷ್ಟು ಇಳಿಯಿತು, ಎಷ್ಟು ಏರಿತು ಎಂದು ಗೊತ್ತಿರುತ್ತದೆ. ಗೃಹಸ್ಥನಿಗೂ ತನ್ನ ಮನೆಯ ಆದಾಯ, ಖರ್ಚು ಹಾಗೆ ಗೊತ್ತಿರಬೇಕು. ಆದಾಯ ಕಡಿಮೆ ಇದ್ದು ಕೈ ಬಿಟ್ಟು ಖರ್ಚು ಮಾಡುವವನನ್ನು ಬುದ್ಧರು ಅತ್ತಿಹಣ್ಣು ತಿನ್ನುವವನಿಗೆ ಹೋಲಿಸಿದರು. ಮರ ಅಲ್ಲಾಡಿಸಿ ರಾಶಿ ಹಣ್ಣು ಉದುರಿಸುತ್ತಾನೆ, ತಿನ್ನುವುದು ನಾಲ್ಕೇ. ಇದ್ದೂ ಹೊಟ್ಟೆ ಕಟ್ಟಿ ಬದುಕುವವನನ್ನೂ ಅವರು ಮೆಚ್ಚಲಿಲ್ಲ. ಎರಡೂ ಮಧ್ಯಮ ಮಾರ್ಗವಲ್ಲ.

ಈ ತಕ್ಕಡಿಯನ್ನು ಇಂದು ನಮ್ಮ ಅಡುಗೆಮನೆಯಲ್ಲಿ ಹಿಡಿದು ನೋಡೋಣ. ಏನು ಮಾಡಬೇಕೆಂದು ಮೊದಲೇ ಯೋಚಿಸದ ಮನೆಯಲ್ಲಿ ದಿನಾ ಸಂಜೆ ಅಂಗಡಿಗೆ ಓಟ. ಒಂದು ತರಲು ಹೋಗಿ ಮೂರು ತರುತ್ತೇವೆ. ಸೊಪ್ಪು ಕೊಳೆಯುತ್ತದೆ, ಸಾರು ಹಳಸುತ್ತದೆ. ಹೀಗೆ ದಿನಕ್ಕೆ 20 ರೂಪಾಯಿ ಹೋದರೆ ವಾರಕ್ಕೆ 140, ವರ್ಷಕ್ಕೆ 7,300 ರೂಪಾಯಿ. ಅಷ್ಟರಲ್ಲಿ ಮಗುವಿನ ಪುಸ್ತಕ, ಬ್ಯಾಗು, ಬಸ್ ಪಾಸ್ ಎಲ್ಲ ಬಂದೀತು.

ಹಣಕ್ಕಿಂತ ದೊಡ್ಡ ಮಾತು ಸಾಲದ್ದು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರು ಇದ್ದರೆ ಅವರು ಹೇಳಿದ್ದೇ ದರ, ಕೊಟ್ಟದ್ದೇ ತೂಕ. ಕೇಳಲು ಬಾಯಿ ಬರುವುದಿಲ್ಲ. ಬುದ್ಧರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುವಾಗ *ಸಾಲವಿಲ್ಲದ ಸುಖ*ವನ್ನೂ ಒಂದಾಗಿ ಎಣಿಸಿದ್ದು ಸುಮ್ಮನೆ ಅಲ್ಲ.

ನಮಗೆ ಇದು ಸ್ವಾಭಿಮಾನದ ಪ್ರಶ್ನೆಯೂ ಹೌದು. ನಮ್ಮ ಹಿರಿಯರು ಏನು ಉಣ್ಣಬೇಕು ಎಂಬುದನ್ನು ಊರಿನವರು ತೀರ್ಮಾನಿಸುತ್ತಿದ್ದರು. ಅವರು ಬಿಟ್ಟದ್ದು, ಎಸೆದದ್ದು ನಮ್ಮ ಪಾಲು. 1927ರ ಮಾರ್ಚ್‌ನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಸೆದ ಎಂಜಲು ಮುಟ್ಟಬೇಡಿ ಎಂದು ಕರೆ ಕೊಟ್ಟರು. ಈ ವಾರ ನನ್ನ ಮಕ್ಕಳು ಏನು ಉಣ್ಣಬೇಕು ಎಂದು ನಾನೇ ಕೂತು ಬರೆಯುವುದು ಆ ಕರೆಯ ಮುಂದುವರಿಕೆ.

*ಹೇಗೆ ಮಾಡುವುದು?*

ಭಾನುವಾರ ಬುದ್ಧ ವಂದನೆ ಮುಗಿದ ಮೇಲೆ ಮನೆಯವರೆಲ್ಲ ಹತ್ತು ನಿಮಿಷ ಕೂರಿ.

1. ಮೊದಲು ಮನೆಯಲ್ಲಿ ಏನಿದೆ ನೋಡಿ. ರೇಷನ್ ಅಕ್ಕಿ, ರಾಗಿ ಅಥವಾ ಜೋಳ, ಡಬ್ಬಿಯ ತಳದ ಕಾಳು. ಇರುವುದರಿಂದ ಶುರು ಮಾಡಿ.

2. ಏಳು ದಿನದ ಅಡುಗೆ ಬರೆಯಿರಿ. ಬೇಗ ಬಾಡುವ ಸೊಪ್ಪು ಸಂತೆಯ ಮರುದಿನಕ್ಕೆ. ಕುಂಬಳ, ಆಲೂಗಡ್ಡೆ, ಕಾಳು ವಾರದ ಕೊನೆಗೆ.

3. ಒಂದು ಬೇಯಿಸಿ ಎರಡು ಮಾಡಿ. ನಮ್ಮ ಅವ್ವಂದಿರ ಬಸ್ಸಾರು ಇದೇ ತಾನೆ? ಕಾಳು ಸೊಪ್ಪು ಬೇಯಿಸಿ ಬಸಿದ ನೀರು ಸಾರಿಗೆ, ಉಳಿದದ್ದು ಪಲ್ಯಕ್ಕೆ. ನೆನೆಸಿದ ಹುರುಳಿ ಒಂದು ದಿನ ಸಾರಾದರೆ ಉಳಿದದ್ದು ಮರುದಿನ ಮೊಳಕೆಯ ಪಲ್ಯ.

4. ಬರೆದದ್ದಕ್ಕೆ ಬೇಕಾದಷ್ಟೇ ಚೀಟಿ ಮಾಡಿ, ಹೊಟ್ಟೆ ತುಂಬಿದ ಮೇಲೆ ಸಂತೆಗೆ ಹೋಗಿ. ಹಸಿದವರ ಕಣ್ಣಿಗೆ ಎಲ್ಲವೂ ಬೇಕು.

ಉದೇನ ರಾಜನು ಇಷ್ಟೊಂದು ಬಟ್ಟೆ ಏನು ಮಾಡುತ್ತೀರಿ ಎಂದು ಕೇಳಿದಾಗ ಆನಂದ ಭಂತೇಜಿ ಲೆಕ್ಕ ಒಪ್ಪಿಸಿದರು. ಹಳೆಯ ಚೀವರ ಹೊದಿಕೆಯಾಗುತ್ತದೆ, ಅದು ಹಳತಾದರೆ ನೆಲದ ಹಾಸು, ಆಮೇಲೆ ಕಾಲೊರೆಸು, ಕೊನೆಗೆ ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ ಎಂದರು. ಉಳಿದ ಅನ್ನ ಚಿತ್ರಾನ್ನವಾಗುವುದೂ ಇದೇ ಪಾಠ.

ಒಂದು ಎಚ್ಚರಿಕೆ. *ಉಳಿತಾಯ ದಂಡವಾಗುವುದರಿಂದ ಬರಬೇಕು, ಯಾರದೋ ತಟ್ಟೆಯಿಂದ ಅಲ್ಲ.* ಎಷ್ಟೋ ಮನೆಗಳಲ್ಲಿ ಉಳಿತಾಯ ಅಂದರೆ ಅವ್ವ ಕೊನೆಗೆ ಕೂತು ತಳದ ಸಾರು ಉಣ್ಣುವುದು. ಮಗನಿಗೆ ಮೊಟ್ಟೆ, ಮಗಳಿಗೆ ಬರೀ ಸಾರು. ಅದು ಸಮಜೀವಿತ ಅಲ್ಲ. ಚೀಟಿ ಬರೆಯುವಾಗ ಮೊಟ್ಟೆ ಎಣಿಸುವುದಾದರೆ ಮನೆಯ ತಲೆಗಳನ್ನು ಎಣಿಸಿ ಬರೆಯಿರಿ. ಚೀಟಿ, ಸಂತೆ, ತರಕಾರಿ ಹೆಚ್ಚುವುದು ಗಂಡಸರಿಗೂ ಸೇರಿದ ಕೆಲಸ.

ಆಳವಿಯಲ್ಲಿ ಕಳೆದುಹೋದ ಎತ್ತನ್ನು ಹುಡುಕಿ ಹಸಿದು ಬಂದ ಬಡ ರೈತನಿಗೆ ಬುದ್ಧರು ಮೊದಲು ಊಟ ಕೊಡಿಸಿದರು, ಆಮೇಲೆ ಧಮ್ಮ ಹೇಳಿದರು. ಹಸಿದ ಹೊಟ್ಟೆಗೆ ಧಮ್ಮ ಇಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಬಡತನವನ್ನು ಬುದ್ಧರು ಹೊಗಳಲಿಲ್ಲ ಎಂಬುದನ್ನು ಬಾಬಾಸಾಹೇಬರೂ ನಮಗೆ ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಕಡಿಮೆ ಕೂಲಿಗೆ ಈ ಲೆಕ್ಕ ಉತ್ತರವಲ್ಲ. ನ್ಯಾಯವಾದ ಕೂಲಿ ಕೇಳುತ್ತಲೇ ಬಂದ ಕೂಲಿ ಸೋರದಂತೆ ನೋಡಿಕೊಳ್ಳೋಣ.

*ಈ ವಾರದ ಅಭ್ಯಾಸ:* ಏಳು ದಿನದ ಅಡುಗೆ ಬರೆದು ಗೋಡೆಗೆ ಅಂಟಿಸಿ. ಉಳಿದ ಹಣವನ್ನು ಒಂದು ಡಬ್ಬಿಗೆ ಹಾಕಿ. ತಿಂಗಳ ಕೊನೆಗೆ ಮೊದಲು ಅಂಗಡಿಯ ಬಾಕಿ ತೀರಿಸಿ, ಆಮೇಲೆ ಮಕ್ಕಳ ಓದಿಗೆ, ಅದರಲ್ಲೇ ಒಂದು ಹಿಡಿ ದಾನಕ್ಕೆ.

ಎಲ್ಲರ ಮನೆಯ ಒಲೆಯೂ ಉರಿಯಲಿ, ಎಲ್ಲರೂ ಸಮನಾಗಿ ಉಣ್ಣಲಿ.

ನಮೋ ಬುದ್ಧಾಯ. ಜೈ ಭೀಮ್.