ನೆರಳು ಯಾರ ಆಸ್ತಿ?



ನಿಮ್ಮ ಮನೆಯ ಮುಂದೊಂದು ಹೊಂಗೆ ಮರವಿದೆ ಎಂದುಕೊಳ್ಳಿ. ಅದರ ಕಾಯಿ ಕಹಿ, ತಿನ್ನಲು ಬಾರದು. ಎಲೆ, ಹೂವು ಉದುರಿ ಅಂಗಳವೆಲ್ಲ ಕಸ. ನಿಮಗೋ ಕಾರು ನಿಲ್ಲಿಸಲು ಜಾಗ ಬೇಕು. ನೆಲ ನಿಮ್ಮದು, ಮರವೂ ನಿಮ್ಮದು. ಕಡಿಸಿದರೆ ತಪ್ಪೇನು?

ನಾನೂ ಹೀಗೆಯೇ ಯೋಚಿಸಿ ನಮ್ಮ ಅಂಗಳದ ಹೊಂಗೆಯನ್ನು ಕಡಿಸಿದೆ. ಆ ಬೇಸಿಗೆಯಲ್ಲಿ ಸೊಪ್ಪು ಮಾರುವ ಅಜ್ಜಿ ನಮ್ಮ ಮನೆ ಮುಂದೆ ಬುಟ್ಟಿ ಇಳಿಸಲಿಲ್ಲ. "ಯಾಕಜ್ಜಿ, ಕೂರಲ್ವಾ?" ಎಂದೆ. "ಎಲ್ಲಿ ಕೂರ್ಲಪ್ಪಾ?" ಎಂದು ಮುಂದೆ ನಡೆದಳು. ಮರ ನನ್ನದಾಗಿತ್ತು, ನಿಜ. ಅದರ ನೆರಳು ನನ್ನೊಬ್ಬನದಾಗಿರಲಿಲ್ಲ.

ನಮ್ಮ ಹಿರಿಯರಿಗೆ ಈ ಮರದ ಬೆಲೆ ಗೊತ್ತಿತ್ತು. ಸೀಮೆಎಣ್ಣೆ ಬರುವ ಮುನ್ನ ಎಷ್ಟೋ ಹಳ್ಳಿಮನೆಗಳ ದೀಪ ಉರಿದದ್ದು ಹೊಂಗೆಣ್ಣೆಯಿಂದ. ಬೀಜದ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಎಣ್ಣೆಯೇ. ಹಿಂಡಿ ಹೊಲಕ್ಕೆ ಗೊಬ್ಬರ, ಸೊಪ್ಪು ಗದ್ದೆಗೆ, ಹೂವು ಜೇನಿಗೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣನ್ನು ಫಲವತ್ತಾಗಿಸುತ್ತವೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ಇದೇ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದರು.

ಆದರೆ ಉಪಯೋಗಗಳ ಈ ಪಟ್ಟಿಯಷ್ಟೇ ಸಾಕೇ? ಇಂದು ಮನೆಗೆ ವಿದ್ಯುತ್ ಬಂದಿದೆ, ಗೊಬ್ಬರ ಚೀಲದಲ್ಲಿ ಸಿಗುತ್ತದೆ. ಉಪಯೋಗ ಮುಗಿದ ಮೇಲೆ ಮರದ ಬೆಲೆಯೂ ಮುಗಿಯಿತೇ?

ಧರ್ಮೋಪದೇಶಕಾಂಡದ 20ನೇ ಅಧ್ಯಾಯವನ್ನು ತೆರೆದು ನೋಡಿ. ಯುದ್ಧದಲ್ಲಿ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರಕ್ಕೆ ಕೊಡಲಿ ಹಾಕಬಾರದು ಎಂಬ ಆಜ್ಞೆ ಅಲ್ಲಿದೆ. ತಿನ್ನುವ ಹಣ್ಣು ಕೊಡದ ಮರವನ್ನು ಕಡಿಯಲು ಅನುಮತಿಯೂ ಇದೆ. ಅಕ್ಷರವನ್ನಷ್ಟೇ ಹಿಡಿದರೆ ನಮ್ಮ ಹೊಂಗೆಗೆ ರಕ್ಷಣೆಯಿಲ್ಲ! ಆದರೆ ಆ ಆಜ್ಞೆಯ ತಿರುಳೇನು? ನಿನ್ನ ಇಂದಿನ ಅವಸರಕ್ಕೆ ಇನ್ನೊಬ್ಬರ ನಾಳಿನ ಅನ್ನವನ್ನು ಕಸಿಯಬೇಡ ಎಂಬುದೇ ಅಲ್ಲವೇ? ನಮಗೆ ಕಹಿಯಾದ ಮರವೇ ಜೇನುಹುಳಕ್ಕೆ ಅನ್ನ, ಬುಟ್ಟಿ ಹೊತ್ತವಳಿಗೆ ತಂಪು. ಪ್ರತಿಯೊಂದು ಜೀವಿಗೂ ದೇವರ ದೃಷ್ಟಿಯಲ್ಲಿ ಅದರದೇ ಆದ ಬೆಲೆಯಿದೆ ಎಂದು ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ನೆನಪಿಸಿದ್ದರು. ನಾನು ಅದನ್ನು ಅಜ್ಜಿಯ ಎರಡು ಮಾತಿನಿಂದ ಕಲಿಯಬೇಕಾಯಿತು.

ಈಗ ಗೇಟಿನ ಪಕ್ಕ ಒಂದು ಹೊಂಗೆ ಸಸಿ ನೆಟ್ಟಿದ್ದೇನೆ. ಅದು ನೆರಳು ಕೊಡುವ ಹೊತ್ತಿಗೆ ಅಜ್ಜಿ ಇರುತ್ತಾಳೋ ಇಲ್ಲವೋ. ತಪ್ಪನ್ನು ತಿದ್ದಿಕೊಳ್ಳುವುದು ಕಡಿದಷ್ಟು ಸುಲಭವಲ್ಲ.

ಆದ್ದರಿಂದ ನಿಮ್ಮಲ್ಲೊಂದು ಬಿನ್ನಹ. ಮರ ಕಡಿಯುವವರನ್ನು ಕರೆಯುವ ಮುನ್ನ ಒಂದು ಮಧ್ಯಾಹ್ನ ಆ ಮರದಡಿ ಸುಮ್ಮನೆ ಕುಳಿತುಕೊಳ್ಳಿ. ಅಲ್ಲಿಗೆ ಯಾರಾರು ಬಂದು ಹೋಗುತ್ತಾರೆಂದು ನೋಡಿ. ಆಮೇಲೆ ತೀರ್ಮಾನಿಸಿ.