ನಾಲ್ಕನೇ ಮಹಡಿಯ ಬಯಲು

ಹುಬ್ಬಳ್ಳಿಯಲ್ಲಿ ಖರೀದಿಪತ್ರ ಬರೆದು ಹೊಟ್ಟೆ ಹೊರೆಯುವವನು ನಾನು. ಸೋಮವಾರ ಸಿದ್ಧಾರೂಢ ಮಠಕ್ಕೆ ಹೋಗುವುದನ್ನು ತಪ್ಪಿಸುವವನಲ್ಲ. ವೇದಾಂತ ಕಿವಿಗೆ ಬಿದ್ದವರಿಗೆ ಘಟಾಕಾಶ, ಮಠಾಕಾಶದ ದೃಷ್ಟಾಂತ ಗೊತ್ತು: ಗಡಿಗೆಯೊಳಗಿನ ಬಯಲೂ ಮನೆಯೊಳಗಿನ ಬಯಲೂ ಒಂದೇ, ಬೇರೆ ಕಾಣಿಸುವುದು ಗೋಡೆಯಿಂದ. ಫ್ಲ್ಯಾಟ್ ಬುಕ್ ಮಾಡುವವರಿಗೆ ಆ ಗೋಡೆಯೂ ಇರುವುದಿಲ್ಲ. ತಳಪಾಯದ ಗುಂಡಿಯ ದಂಡೆಗೆ ನಿಲ್ಲಿಸಿ ಮೇಲಕ್ಕೆ ಬೆರಳು ಮಾಡುತ್ತಾರೆ: 'ಅಲ್ಲೇ ನೋಡ್ರಿ, ನಾಕನೇ ಫ್ಲೋರು, ಪೂರ್ವಕ್ಕ ಬಾಗಲಾ.'

ಕಳೆದ ಶ್ರಾವಣದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಬಂದಿದ್ದರು. ಕೈಯಲ್ಲಿ ಬಿಲ್ಡರನ ಲೆಟರ್‌ಹೆಡ್ಡಿನ ಅರ್ಧ ಹಾಳೆ. ಫ್ಲ್ಯಾಟ್ ನಂಬರು, 1 ಲಕ್ಷ ಮುಟ್ಟಿದೆ ಎಂಬ ಸಾಲು, ಗೀಚಿದ ಸಹಿ. ಒಟ್ಟು ಬೆಲೆ 48 ಲಕ್ಷವೆಂದದ್ದು ಬರೇ ಬಾಯಿಮಾತು. ಕೀಲಿ ಕೊಡುವ ತಾರೀಖಿಲ್ಲ, ವ್ಯವಹಾರ ಮುರಿದರೆ ಸಂಚಕಾರದ ಗತಿಯೇನೆಂದೂ ಇಲ್ಲ. ಈಗ ಇನ್ನೂ 8 ಲಕ್ಷ ಬೇಕಂತೆ.

'ಕರಾರು ಕೇಳಿದ್ರ, ನಮ್ಮ ಮ್ಯಾಲ ವಿಶ್ವಾಸ ಇಲ್ಲೇನ್ರಿ ಅಕ್ಕೋರ ಅಂತಾರ್ರಿ. ಹಿಂದ ಗ್ವಾಡಿಗೆ ಸಿದ್ಧಾರೂಢ ಅಜ್ಜಾರ ಫೋಟೋ ಐತಿ. ಇಲ್ಲ ಅಂತ ಹ್ಯಾಂಗ ಅನ್ಲಿ?'

ಇದು ಕಾನೂನಿನ ಪ್ರಶ್ನೆಯಲ್ಲ, ಧರ್ಮದ್ದು. ಪ್ರಮಾಣಕ್ಕೆ ಸಿಗದ್ದನ್ನು ನಂಬುವುದು ಭಕ್ತಿ ಇರಬಹುದು, ಉತಾರ, ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡಬಹುದಾದ ಕಡೆ ನಂಬಿ ಕೂಡುವುದು ಬರೀ ಆಲಸ್ಯ. ವೇದಾಂತವೂ ಶ್ರವಣಕ್ಕೇ ನಿಲ್ಲಿಸುವುದಿಲ್ಲ, ಮನನ ಮಾಡಿ ಸಂಶಯ ಹರಿಸಿಕೋ ಅನ್ನುತ್ತದೆ. ಗುರುವಿಗೇ ಇಲ್ಲದ ವಿನಾಯಿತಿ ಗುತ್ತಿಗೆದಾರನಿಗೇಕೆ?

ಬಿಲ್ಡರ್ ಸತ್ಯವಂತನೇ ಇರಲಿ. ನಾಳೆ ಅವನು ತೀರಿಕೊಂಡು ಮಕ್ಕಳು ಕೋರ್ಟು ಹತ್ತಿದರೆ, ಸಾಲ ಕೊಟ್ಟ ಬ್ಯಾಂಕು ಜಾಗಕ್ಕೆ ಕೈಹಾಕಿದರೆ, ಅವನ ಸತ್ಯ ಯಾರನ್ನು ಕಟ್ಟಿಹಾಕೀತು? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ಬರೀ ಖರೀದಿ ಕರಾರಿನಿಂದ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ. ಕರಾರಿನದೇ ಈ ಪಾಡು, ಇನ್ನು ಅರ್ಧ ಹಾಳೆಯದೇನು! ಅದಕ್ಕೇ 2016ರ ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ 13ನೇ ಕಲಮು, ಕರಾರು ಬರೆದು ನೋಂದಣಿ ಮಾಡಿಸದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯಕೂಡದು ಅನ್ನುತ್ತದೆ. ಅಕ್ಕೋರ ಲೆಕ್ಕದಲ್ಲಿ ಅದು 4 ಲಕ್ಷ 80 ಸಾವಿರ. ಕೇಳಿದ್ದು ಒಟ್ಟು 9 ಲಕ್ಷ!

ಅಂದಹಾಗೆ, ಜಾಗ 500 ಚದರ ಮೀಟರ್, ಅಂದರೆ ಸುಮಾರು 5 ಗುಂಟೆ, ದಾಟದಿದ್ದರೆ ಅಥವಾ ಮನೆಗಳು 8ರೊಳಗಿದ್ದರೆ ರೇರಾ ನೋಂದಣಿಯೇ ಬೇಕಿಲ್ಲ. ಅಂಥ ಕಡೆ ಬುಕ್ ಮಾಡುವವರು ಮೈಯೆಲ್ಲ ಕಣ್ಣಾಗಿರಬೇಕು.

ಅಕ್ಕೋರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಕರಾರು ನೋಂದಣಿಯಾಗುವವರೆಗೆ ಚೆಕ್ ಬರೆಯಬೇಡಿ. ಅಜ್ಜನ ಫೋಟೋಕ್ಕೆ ಕೈಮುಗಿಯಿರಿ, ಕರಾರನ್ನೂ ಕೇಳಿರಿ.