ಬಡವರ ಮೈಯಲ್ಲಿ ಕಲಿತ ವಿದ್ಯೆ ಯಾರದು?



ವಿದ್ಯೆ ಯಾರ ಸ್ವತ್ತು? ಕಷ್ಟಪಟ್ಟು ಓದಿದವರದು ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಈ ಉತ್ತರ ಎಷ್ಟು ಸರಿ ಎಂಬುದನ್ನು ಒಂದು ಕಾಯಿಲೆಯ ಕಥೆಯಿಂದ ಪರೀಕ್ಷಿಸಿ ನೋಡೋಣ.

ಬಿಹಾರದ ಹಳ್ಳಿಗಳನ್ನು ಬಹುಕಾಲ ಕಾಡಿದ ಜ್ವರ ಕಾಲಾ ಅಜಾರ್. ಮಣ್ಣಿನ ಗೋಡೆಯ ಬಿರುಕುಗಳಲ್ಲಿ, ಕೊಟ್ಟಿಗೆಯ ತೇವದಲ್ಲಿ ಬದುಕುವ ಮರಳು ನೊಣ ಅದನ್ನು ಹರಡುತ್ತದೆ. ವಾರಗಟ್ಟಲೆ ಬಿಡದ ಜ್ವರ, ಊದಿಕೊಂಡ ಗುಲ್ಮ, ಬತ್ತಿಹೋದ ಮೈ. ಚಿಕಿತ್ಸೆ ಸಿಗದಿದ್ದರೆ ಸಾವು ಬಹುಮಟ್ಟಿಗೆ ಖಚಿತ. ಮುಸಹರರಂಥ ಭೂಮಿಯಿಲ್ಲದ ಕೂಲಿಕಾರರೇ ಇದಕ್ಕೆ ಹೆಚ್ಚು ಬಲಿಯಾದವರು. 1992ರಲ್ಲಿ ಭಾರತದಲ್ಲಿ 77,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು.

1920ರ ಸುಮಾರಿಗೆ ಕಲ್ಕತ್ತದ ಉಪೇಂದ್ರನಾಥ ಬ್ರಹ್ಮಚಾರಿಯವರು ಆಂಟಿಮನಿಯಿಂದ ತಯಾರಿಸಿದ ಔಷಧ ಅಸಂಖ್ಯ ಜೀವಗಳನ್ನು ಉಳಿಸಿತು. ಆದರೆ 1990ರ ದಶಕದ ಹೊತ್ತಿಗೆ ಬಿಹಾರದಲ್ಲಿ ಆಂಟಿಮನಿ ಔಷಧಗಳು ಸೋಲತೊಡಗಿದವು. ಆಗ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಡಾ. ಶ್ಯಾಮ್ ಸುಂದರ್ ಅವರು ಕಾಯಿಲೆ ಇದ್ದಲ್ಲಿಗೇ ಹೋದರು. ಮುಜಫ್ಫರಪುರದಲ್ಲಿ ಸಂಶೋಧನಾ ಕೇಂದ್ರ ನಡೆಸಿದರು. ಗುಲ್ಮಕ್ಕೆ ಸೂಜಿ ಚುಚ್ಚಿ ರೋಗಾಣುವನ್ನು ಹುಡುಕುವ ಅಪಾಯಕರ ಪರೀಕ್ಷೆಯ ಬದಲು ಒಂದು ಹನಿ ರಕ್ತದಿಂದ ರೋಗ ತಿಳಿಸುವ ಪಟ್ಟಿಯನ್ನು ಅಲ್ಲಿ ಪರೀಕ್ಷಿಸಿ ನೋಡಿದರು. ನುಂಗುವ ಔಷಧವಾದ ಮಿಲ್ಟೆಫೋಸಿನ್ ಅಲ್ಲಿನ ರೋಗಿಗಳ ಮೇಲೆ ಪ್ರಯೋಗವಾಗಿ 2002ರಲ್ಲಿ ಭಾರತದಲ್ಲಿ ಮಂಜೂರಾಯಿತು. ಒಂದೇ ಸಲ ರಕ್ತನಾಳಕ್ಕೆ ಹನಿಸುವ ಆಂಫೋಟೆರಿಸಿನ್ ಸಾಕೆಂಬುದನ್ನು 2010ರಲ್ಲಿ ತೋರಿಸಿಕೊಟ್ಟರು. ಇಂದು ನಮ್ಮ ದೇಶದಲ್ಲಿ ವರ್ಷದ ಪ್ರಕರಣಗಳು ಸಾವಿರಕ್ಕೂ ಕೆಳಗಿಳಿದಿವೆ.

ಈ ಕಥೆಯಲ್ಲಿ ಹೆಸರಿಲ್ಲದವರೂ ಇದ್ದಾರೆ. ಆ ಸೂಜಿಗೆ ಮೈಯೊಡ್ಡಿದವರು ಯಾರು? ಹೊಸ ಮಾತ್ರೆಯನ್ನು ಮೊದಲು ನುಂಗಿದವರು ಯಾರು? ಆ ಕೂಲಿಕಾರರೇ. ಅವರ ರಕ್ತವಿಲ್ಲದೆ ಆ ಜ್ಞಾನವಿಲ್ಲ. ಆದರೂ ಮಿಲ್ಟೆಫೋಸಿನ್ ಅಂಗಡಿಗೆ ಬಂದಾಗ 28 ದಿನಗಳ ಪೂರ್ತಿ ಮಾತ್ರೆ ಕೊಳ್ಳಲು ಹಣ ಸಾಲದೆ ನಡುವೆ ನಿಲ್ಲಿಸಿದ ಬಡವರಿದ್ದರು. ಬಿತ್ತಿದವನಿಗೇ ಬೆಳೆ ದಕ್ಕದ ಹಾಗಾಯಿತು.

'ಪ್ರಯೋಗದ ವೇಳೆ ಅವರಿಗೆ ಚಿಕಿತ್ಸೆ ಸಿಕ್ಕಿತಲ್ಲ, ಔಷಧ ತಯಾರಿಕೆಗೂ ಖರ್ಚಿದೆಯಲ್ಲ' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಖರ್ಚನ್ನು ಯಾರಾದರೂ ಭರಿಸಲೇಬೇಕು. ಆದರೆ ಪ್ರಯೋಗದಲ್ಲಿ ಪಾಲ್ಗೊಂಡ ರೋಗಿ ತನ್ನೊಬ್ಬನ ಗುಣವನ್ನಷ್ಟೇ ಪಡೆದ, ಮುಂದಿನ ಎಲ್ಲ ರೋಗಿಗಳಿಗೆ ಬೇಕಾದ ತಿಳಿವನ್ನು ಕೊಟ್ಟ. ಕೊಟ್ಟದ್ದು ಪಡೆದದ್ದಕ್ಕಿಂತ ದೊಡ್ಡದು. ಉಳಿದದ್ದು ನಮ್ಮ ಮೇಲಿನ ಸಾಲ.

ಸಂತ ಥಾಮಸ್ ಅಕ್ವಿನಾಸರ ಪ್ರಕಾರ ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ದೃಢ ಮನಸ್ಸೇ ನ್ಯಾಯ. ದಾನ ಬೇರೆ, ಸಾಲ ತೀರಿಸುವುದು ಬೇರೆ. ದಾನ ಕೊಟ್ಟವನು ಕೃತಜ್ಞತೆ ನಿರೀಕ್ಷಿಸಬಹುದು. ಸಾಲ ತೀರಿಸಿದವನಿಗೆ ಆ ಹಕ್ಕಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಆಂಫೋಟೆರಿಸಿನನ್ನು ಉಚಿತವಾಗಿ ಕೊಡುವ ಒಪ್ಪಂದವಾಯಿತು. ಜಗತ್ತು ಅದನ್ನು ಕೊಡುಗೆ ಎಂದಿತು. ಆ ರೋಗಿಗಳ ಕಡೆಯಿಂದ ನೋಡಿದರೆ ಅದು ಮರುಪಾವತಿ.

ಈ ಮಾತು ಬಿಹಾರಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ಮಕ್ಕಳು ವೈದ್ಯಕೀಯ, ನರ್ಸಿಂಗ್ ಕಲಿಯುವುದು ಎಲ್ಲಿ? ಜನರಲ್ ವಾರ್ಡಿನಲ್ಲಿ. ಮೊದಲ ಸಲ ನರ ಹುಡುಕುತ್ತಾ ಎರಡು ಮೂರು ಬಾರಿ ಸೂಜಿ ಚುಚ್ಚುವುದು ಯಾರಿಗೆ? ಸ್ಪೆಷಲ್ ವಾರ್ಡಿನ ಸಾಹುಕಾರನಿಗಲ್ಲ. ಹಲ್ಲು ಕಚ್ಚಿ ಸುಮ್ಮನಿರುವ ಬಡ ತಾಯಿಗೆ. ಕಾಲೇಜಿನ ಫೀಸು ನಾವು ಕಟ್ಟುತ್ತೇವೆ, ನಿಜ. ಆದರೆ ಪಾಠದ ಒಂದು ಪಾಲನ್ನು ಆಕೆ ತನ್ನ ನೋವಿನಿಂದ ಕಟ್ಟುತ್ತಾಳೆ. ಆ ರಸೀದಿಯನ್ನು ಯಾರೂ ಬರೆಯುವುದಿಲ್ಲ.

ಎಲ್ಲರೂ ಹಳ್ಳಿಗೇ ಹೋಗಿ ನೆಲೆಸಬೇಕೆಂದು ನಾನು ಹೇಳುತ್ತಿಲ್ಲ. ಸಾಲ ತೀರಿಸುವ ದಾರಿ ಹಲವು. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲವು ವರ್ಷದ ದುಡಿಮೆ, ಬಡವರ ಕಾಯಿಲೆಯನ್ನೇ ಸಂಶೋಧನೆಗೆ ಆರಿಸಿಕೊಳ್ಳುವುದು, ಹಳ್ಳಿಯ ಆರೋಗ್ಯ ಕಾರ್ಯಕರ್ತೆಗೆ ತಾಳ್ಮೆಯಿಂದ ತರಬೇತಿ ಕೊಡುವುದು, ಎಲ್ಲವೂ ಮರುಪಾವತಿಯೇ. ಯಾವುದೂ ಬೇಡವೆನ್ನುವ ಸ್ವಾತಂತ್ರ್ಯ ಮಾತ್ರ ನಮಗಿಲ್ಲ.

ಮಗನಿಗೋ ಮಗಳಿಗೋ ವೈದ್ಯಕೀಯ ಸೀಟು ಸಿಕ್ಕಾಗ ಮನೆಯಲ್ಲಿ ಮುಂದಿನ ಸಂಬಳದ ಲೆಕ್ಕ ಶುರುವಾಗುತ್ತದೆ. ತಂದೆ-ತಾಯಂದಿರೇ, ಆ ಲೆಕ್ಕದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: 'ನೀನು ಯಾರ ಮೈಯಲ್ಲಿ ಕಲಿಯುತ್ತೀಯೋ, ಅವರಿಗೆ ಏನನ್ನು ಹಿಂದಿರುಗಿಸುತ್ತೀ?'